ಅಪ್ಪತ್ತಾಳ ಶುಗರ್

"ಶುಗರಾ? ನಂಗಾ?" ಪಿಚ್ಚೈಯಮ್ಮಾಳ್ ಬಸ್ಸಿನಲ್ಲೇ ಸೊಸೆಯ ಮೇಲೆ ಹರಿಹಾಯ್ದಳು. "ನಂಗೆ ಕಾಪಿ ತಪ್ಪಿಸಕ್ಕೆ ನೀನ್ ಕಟ್ಟಿದ್ ಕತೆ ಕಣೇ ಇದು!"

"ಅವ್ರು ನಿಮ್ ಹೆಸ್ರೇ ಹೇಳಿದ್ರು ಅತ್ತೆ," ಎಂದಳು ಜೆಯಂತಿ.

ಹಿಂದಿನ ದಿನ ಮಾರ್ಕಯನ್‌ಕೋಟ್ಟೈ ಶಾಲೆಯ ಅಂಗಳದಲ್ಲಿ ಮಕ್ಕಳು ಮುದುಕರೆನ್ನದೆ ಊರೇ ಸಾಲುಗಟ್ಟಿ ಪರೀಕ್ಷೆಗೆ ರಕ್ತ ಕೊಟ್ಟಿತ್ತು. ಬೆಳಗಾಗುತ್ತಲೇ ತೇನಿಯ ಆಸ್ಪತ್ರೆಯಿಂದ ಫೋನು. ಪಿಚ್ಚೈಯಮ್ಮಾಳ್‌ಗೆ ಸಕ್ಕರೆ ನಾನೂರು ದಾಟಿದೆ, ಬಾಯಾರಿಕೆ, ತಲೆಸುತ್ತು ಇದ್ದರೆ ಜೀವಕ್ಕೇ ಅಪಾಯ, ಈಗಲೇ ಕರೆತನ್ನಿ.

ಬಾಯಾರಿಕೆ ಇತ್ತು. ತಲೆಯೂ ಸುತ್ತುತ್ತಿತ್ತು. ಉರಿಬಿಸಿಲಲ್ಲಿ ದ್ರಾಕ್ಷಿ ಕೊಯ್ಯುವವಳಿಗೆ ಅದೇನು ಹೊಸತೇ? ಅದಕ್ಕೊಂದು ರೋಗದ ಹೆಸರು ಕೊಟ್ಟು ಕಾಪಿ ಕಿತ್ತುಕೊಳ್ಳುವುದೆಂದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಸಿಟ್ಟಿಗೆ ಮೊಮ್ಮಗಳು ಕಾರ್ತಿಕಾಳೂ ಸಿಕ್ಕಿಬಿದ್ದಳು. ಹಾಸಿಗೆ ಒದ್ದೆ ಮಾಡಿದ್ದಕ್ಕೆ ಬೆಳಿಗ್ಗೆ ಬಿದ್ದ ಏಟಿಗೆ ಅವಳ ಕೆನ್ನೆ ಇನ್ನೂ ಕೆಂಪಾಗಿತ್ತು. ವೀರಪಾಂಡಿ ಸ್ಟಾಪು ಬರುವಷ್ಟರಲ್ಲಿ ಬಾಟಲಿಯ ನೀರೆಲ್ಲ ಮುಗಿಸಿದ್ದಳು.

"ಕಾಯ್ಲೆ ನಂಗೆ, ನೀರ್ ನಿಂಗಾ?"

"ಇನ್ನೂ ಬೇಕು ಅಪ್ಪತ್ತಾ," ಎಂದಳು ಅಜ್ಜಿಗೆ.

"ಬಾಯ್ ಮುಚ್ಕೊಂಡು ಕೂರು!"

ತೇನಿಯಲ್ಲಿ ಇಳಿಯುವಾಗ ಹುಡುಗಿ ಸೊಂಟದಲ್ಲಿ ನಿಲ್ಲದ ಲಂಗವನ್ನು ತುಳಿದು ಮುಗ್ಗರಿಸಿದಳು. "ಕಣ್ ಕಾಣಲ್ವಾ?" ಎಂದು ಬೆನ್ನಿಗೊಂದು ಬಿತ್ತು.

ಆಸ್ಪತ್ರೆಯಲ್ಲಿ ನರ್ಸ್ ರೋಗಿಯ ಹೆಸರು ಕೇಳಿದಳು. ಜೆಯಂತಿ ತಲೆ ತಗ್ಗಿಸಿದಳು. ಅತ್ತೆಯ ಹೆಸರು ಸೊಸೆಯ ಬಾಯಲ್ಲಿ ಬರಬಾರದೆಂಬುದು ಆ ಮನೆಯ ಕಟ್ಟಳೆ. ಹನ್ನೆರಡು ವರ್ಷದಲ್ಲಿ ಅವಳು ಅದನ್ನು ಒಮ್ಮೆಯೂ ಮುರಿದಿರಲಿಲ್ಲ.

"ಪಿಚ್ಚೈಯಮ್ಮಾಳ್!" ಅತ್ತೆಯೇ ಗಟ್ಟಿಯಾಗಿ ಹೇಳಿ ಬೆರಳು ಚಾಚಿದಳು.

ನರ್ಸ್ ಚುಚ್ಚಿ ನೋಡಿದಳು. "ನೂರಾ ಎರಡು. ನಿಮಗೇನೂ ಇಲ್ಲಮ್ಮಾ."

"ಕೇಳ್ಸ್‌ಕೊಂಡ್ಯಾ?" ಮುದುಕಿ ಸೊಸೆಯತ್ತ ತಿರುಗಿ ಅಬ್ಬರಿಸಿದಳು. ಸಾಲಿನಲ್ಲಿದ್ದವರೆಲ್ಲ ನೋಡಿದರು. "ನಂಗೆ ಏನೂ ಇಲ್ಲ! ಮನೆಗ್ ನಡಿ, ನಿಂಗಿದೆ!"

ನರ್ಸ್ ಮಾತ್ರ ಹಿಂದಿನ ದಿನದ ಪಟ್ಟಿಯಿಂದ ಕಣ್ಣು ತೆಗೆಯಲಿಲ್ಲ. ಹೆಸರಿನ ಮುಂದಿದ್ದುದನ್ನೂ ಸೇರಿಸಿ ಜೋರಾಗಿ ಕೂಗಿದಳು.

"ಪಿಚ್ಚೈಯಮ್ಮಾಳ್! ವಯಸ್ಸು ಹತ್ತು, ಐದನೇ ಕ್ಲಾಸ್!"

ಮೊಮ್ಮಗಳಿಗೆ ತನ್ನ ಹೆಸರನ್ನೇ ಇಡಿಸಿ, ಅದು ಸೊಸೆಯ ಬಾಯಿಗೆ ಬಾರದಿರಲೆಂದು ಮನೆಯಲ್ಲಿ ಕಾರ್ತಿಕಾ ಎಂದು ಕರೆಸಿದ್ದ ಅಪ್ಪತ್ತಾಳ ಬೆನ್ನ ಹಿಂದೆ, ಶಾಲೆಯ ಹಾಜರಿಗೆ ಏಳುವಂತೆ, ಹುಡುಗಿ ಗೋಡೆ ಹಿಡಿದು ಎದ್ದು ನಿಂತಳು.