ಪತ್ತೇದಾರನಿಗೆ ಹೆಣೆದ ಕೈಗವಸು

ಕೈಗವಸು ಪತ್ತೇದಾರನ ಕೈಗೆ ಹಿಡಿಸಲಿಲ್ಲ. ಥರ್ಲೋ ಪಾತ್ರದ ನಟ ಕಾಲ್ವರ್ಟ್ ಎಳೆದೂ ಎಳೆದೂ ನಾಲ್ಕು ಬೆರಳು ತೂರಿಸಿದ. ಹೆಬ್ಬೆರಳ ಬುಡದಲ್ಲಿ ಉಣ್ಣೆ ಬಿಗಿದು ನಿಂತಿತು.

"ಯಾವ ಪುಣ್ಯಾತ್ಗಿತ್ತಿ ಹೆಣೆದದ್ದು ಇದನ್ನ? ಥರ್ಲೋನ ಕೈ ಅಂದ್ರೆ ಬೆಕ್ಕಿನ ಪಾದ ಅಂದ್ಕೊಂಡ್ಳಾ?"

"ಗ್ರಿಮ್ಸ್‌ಬಿಯ ಆ ಮುದುಕಿ," ಎಂದಳು ಕಚೇರಿಯ ಡೋರೀನ್. "ಕೊಡಿ ಇಲ್ಲಿ, ಹರಿದುಹೋದೀತು." ಕಿತ್ತುಕೊಂಡಂತೆಯೇ ತೆಗೆದುಕೊಂಡು ತನ್ನ ಮೇಜಿನ ಡ್ರಾಯರಿಗೆ ಹಾಕಿದಳು.

ಹಳೆಯ ಪುಸ್ತಕಗಳ ಪತ್ತೇದಾರ ಅಗಸ್ಟಸ್ ಥರ್ಲೋನನ್ನು ಆ ವರ್ಷ ಲಂಡನ್ನಿನ ಈ ಟೀವಿ ಕಂಪನಿ ಎಬ್ಬಿಸಿ ಕೂರಿಸಿತ್ತು. ಕುದುರೆಗಾಡಿಯ ಕಾಲದಲ್ಲಿ ಮಂಜುಗಡ್ಡೆಯ ನೆಲಮಾಳಿಗೆಯಲ್ಲಿ ಹೆಪ್ಪುಗಟ್ಟಿದವನು ೧೯೮೭ರಲ್ಲಿ ಕಣ್ಣುಬಿಡುತ್ತಾನೆ. ಸುರಂಗ ರೈಲಿನಲ್ಲಿ ದಾರಿ ತಪ್ಪುತ್ತಾನೆ, ಕಂಪ್ಯೂಟರಿಗೆ ಟೋಪಿ ತೆಗೆದು ವಂದಿಸುತ್ತಾನೆ, ಕೊನೆಗೆ ಕೊಲೆಗಾರನನ್ನು ಹಿಡಿಯುತ್ತಾನೆ. ನೋಡಿದವರು ನಕ್ಕು ಟೀವಿ ಆರಿಸಿ ಮಲಗಬೇಕಿತ್ತು. ಬದಲಿಗೆ ಕಾಗದ ಬರೆಯತೊಡಗಿದರು. ಥರ್ಲೋ ಹೇಗೂ ಎದ್ದಿದ್ದಾನೆ, ನಮ್ಮ ಕಳೆದ ನಾಯಿ, ಕದ್ದ ಸೈಕಲ್ಲು, ಓಡಿಹೋದ ಗಂಡ ಎಲ್ಲವನ್ನೂ ಹುಡುಕಿಕೊಡಲಿ!

ಉತ್ತರ ಬರೆಯುವ ಕೆಲಸ ಡೋರೀನಳ ಪಾಲಿಗೆ ಬಂತು. ಹಳೆಯ ಕಾಲದ ಮರ್ಯಾದೆಯ ಮಾತು, ಶಾಯಿ ಪೆನ್ನು, ಕೈಬರಹ. ಸಂಜೆಗೆ ಅವಳ ಎಡಗೈಯ ಅಂಚೆಲ್ಲ ನೀಲಿ. ಈ ಮೋಜನ್ನು ತೋರಿಸಲೆಂದು ಕ್ಯಾಮೆರಾ ಕಚೇರಿಗೆ ಬಂದಾಗ ಮಾತ್ರ ಅವಳು ಮುಖ ಕೊಡಲಿಲ್ಲ. ಐದು ನಿಮಿಷದ ಆ ಕಾರ್ಯಕ್ರಮದಲ್ಲಿ ದೇಶಕ್ಕೆ ಕಂಡದ್ದು ಅವಳ ಬೆನ್ನು ಮತ್ತು ಓಡುತ್ತಿದ್ದ ಪೆನ್ನು.

ಅದಾದ ಮೂರನೇ ದಿನ ಗ್ರಿಮ್ಸ್‌ಬಿ ಊರಿನಿಂದ ಏಡಾ ಸ್ಟೋಕ್ಸ್ ಎಂಬ ಮುದುಕಿಯ ಮೊದಲ ಕಾಗದ ಬಂತು. ಇಪ್ಪತ್ತೈದು ವರ್ಷದ ಹಿಂದೆ ಮನೆ ಬಿಟ್ಟ ಮಗಳು ಕ್ಷೇಮವಾಗಿದ್ದಾಳೆಯೇ, ಪತ್ತೆ ಮಾಡಿ ತಿಳಿಸಬೇಕು.

"ಮಗಳ ಹೆಸರನ್ನೇ ಬರೆದಿಲ್ಲವಲ್ಲ ಈಯಮ್ಮ!" ಎಂದು ಮೇಲಧಿಕಾರಿ ಲ್ಯಾಥಮ್ ನಕ್ಕ. "ಯಾವ ಥರ್ಲೋ ಬಂದು ಹುಡುಕ್ತಾನೆ?"

"ವಯಸ್ಸಾಗಿದೆ ಸರ್, ಮರೆತಿರ್ತಾರೆ." ಡೋರೀನ್ ಪೆನ್ನಿನ ಮುಚ್ಚಳ ಹಾಕಿ ಟೈಪ್‌ರೈಟರ್ ಎಳೆದುಕೊಂಡಳು. "ಇವರಿಗೆ ಟೈಪ್ ಮಾಡ್ತೀನಿ. ಮುದಿಗಣ್ಣಿಗೆ ಓದೋಕೆ ಸುಲಭ."

ಅಲ್ಲಿಂದ ವಾರಕ್ಕೊಂದು ಕಾಗದ. ಡೋರೀನ್ ಸುಲಭಕ್ಕೆ ಕರಗುವ ಹೆಂಗಸಲ್ಲ ಎಂದು ಕಚೇರಿಗೆಲ್ಲ ಗೊತ್ತು. ಆದರೂ ಗ್ರಿಮ್ಸ್‌ಬಿಯ ಅಂಚೆ ಮುದ್ರೆ ಕಂಡರೆ ಅವಳ ಚಹಾ ಲೋಟದಲ್ಲೇ ಆರುತ್ತಿತ್ತು. ಒಮ್ಮೆ ಥರ್ಲೋನ ಹೆಸರಿನಲ್ಲಿ ಕೇಳಿಯೂಬಿಟ್ಟಳು: "ತನಿಖೆಗೆ ಅಗತ್ಯವಿದೆ. ಮಗಳು ಮನೆ ಬಿಟ್ಟ ದಿನ ತಾವು ಅವಳಿಗೆ ಏನು ಹೇಳಿದಿರಿ?"

"ಮುದುಕೀನ ಕಟಕಟೆಗೆ ಹತ್ತಿಸ್ತೀಯಲ್ಲೇ!" ಎಂದ ಲ್ಯಾಥಮ್.

ಉತ್ತರ ಬಂತು. "ಏನೂ ಹೇಳಲಿಲ್ಲ ಸ್ವಾಮಿ. ಅವಳು ಮೆಚ್ಚಿದವನು ಅವಳಪ್ಪನಿಗೆ ಆಗಲಿಲ್ಲ. ಹದಿನೇಳರ ಹುಡುಗಿಯನ್ನು ಹೊರಗೆ ನೂಕಿ ಬಾಗಿಲು ಹಾಕಿದರು. ನಾನು ಆಲೂಗಡ್ಡೆ ಸುಲಿಯುತ್ತ ನಿಂತಿದ್ದೆ. ಸುಲಿಯುವುದನ್ನೂ ನಿಲ್ಲಿಸಲಿಲ್ಲ. ನನ್ನ ಅಪರಾಧ ಇದೇ, ಬರೆದುಕೊಳ್ಳಿ."

ಡೋರೀನ್ ಎದ್ದುಹೋಗಿ ಮುಖ ತೊಳೆದು ಬಂದಳು. ಮುಖದ ಮೇಲೆ ಸಿಟ್ಟು ಇನ್ನೂ ಇತ್ತು. ಮುಂದಿನ ವಾರವೇ ಆ ಕೈಗವಸು ಬಂದದ್ದು, ನಿಮ್ಮ ಕಚೇರಿಯಲ್ಲಿ ಥಂಡಿ ಇದ್ದೀತು ಎಂಬ ಸಾಲಿನೊಂದಿಗೆ.

ಫೆಬ್ರವರಿಯಲ್ಲಿ ಏಡಾ ಬರೆದಳು: "ಡಾಕ್ಟರು ನನಗೆ ವಸಂತ ಕಾಣುವ ಭರವಸೆ ಕೊಟ್ಟಿಲ್ಲ. ಅವಳು ಒಂದು ಸಲ ಬಾಗಿಲಿಗೆ ಬಂದರೆ ಸಾಕಿತ್ತು."

ಈ ಸಲ ಲ್ಯಾಥಮ್ ನಗಲಿಲ್ಲ. "ಸಾಕು ಡೋರೀನ್. ಸಾಯೋ ಹೆಂಗಸಿಗೆ ಸುಳ್ಳು ಆಸೆ ಹುಟ್ಟಿಸೋದು ಪಾಪ. ಥರ್ಲೋ ಬರೀ ಕಥೆ ಅಂತ ನಿಜ ಬರೆದುಬಿಡು."

"ಬರೀತೀನಿ ಸರ್." ಮೂರು ಹಾಳೆ ಟೈಪ್ ಮಾಡಿದಳು, ಮೂರನ್ನೂ ಹರಿದಳು. ಕೊನೆಗೆ ಕಳಿಸಿದ್ದು ಒಂದೇ ಸಾಲು: ತನಿಖೆ ನಡೆಯುತ್ತಿದೆ.

ಎರಡು ವಾರ ಗ್ರಿಮ್ಸ್‌ಬಿಯಿಂದ ಸುದ್ದಿಯಿಲ್ಲ. ಶುಕ್ರವಾರ ಅವಳು ಲ್ಯಾಥಮನ ಮುಂದೆ ಹೋಗಿ ನಿಂತಳು. "ಸೋಮವಾರ ರಜ ಬೇಕು ಸರ್. ಗ್ರಿಮ್ಸ್‌ಬಿಗೆ ಹೋಗ್ಬರ್ತೀನಿ. ಅದು ಎದುರು ನಿಂತು ಹೇಳ್ಬೇಕಾದ ನಿಜ."

"ಅಷ್ಟು ದೂರ ಹೋಗೋಕೆ ಅವಳೇನು ನಿನ್ನ ನೆಂಟಳೇ?" ಎನ್ನುತ್ತಲೇ ಅವನು ರಜ ಕೊಟ್ಟ.

ಸೋಮವಾರ ಹನ್ನೊಂದರ ರೈಲು. ಬೆಳಿಗ್ಗೆ ಕಚೇರಿಗೆ ಬಂದು ಡ್ರಾಯರಿನಿಂದ ಕೈಗವಸು ತೆಗೆದು ತೊಟ್ಟುಕೊಂಡಳು. ಬೆರಳ ತುದಿಯವರೆಗೆ ಎಲ್ಲೂ ಬಿಗಿಯಿಲ್ಲ, ಸಡಿಲವಿಲ್ಲ. ಹೊರಡುವಾಗ ಅಂಚೆ ಬಂತು. ಗ್ರಿಮ್ಸ್‌ಬಿಯದೇ, ಆದರೆ ಅಕ್ಷರ ಬೇರೆ.

ಪಕ್ಕದ ಮನೆಯಾಕೆ ಬರೆದಿದ್ದಳು: ಏಡಾ ಗುರುವಾರ ತೀರಿಕೊಂಡರು, ದಿಂಬಿನ ಕೆಳಗೆ ನಿಮಗೆಂದು ಇದು ಸಿಕ್ಕಿತು. ಜೊತೆಗೆ ನಾಲ್ಕಾಗಿ ಮಡಿಸಿದ ಹಾಳೆ. ಡೋರೀನ್ ಹಾಳೆ ಬಿಡಿಸಿದಳು. ಕೋಟು ಹಾಕಿಕೊಂಡೇ ಕುರ್ಚಿಗೆ ಕುಸಿದು ಓದಿದಳು.

"ಥರ್ಲೋ ಅವರೇ, ಹುಡುಕುವುದು ಸಾಕು. ಟೀವಿಯಲ್ಲಿ ನಿಮ್ಮ ಕಚೇರಿ ತೋರಿಸಿದ ದಿನವೇ ಅವಳು ನನಗೆ ಸಿಕ್ಕಿದ್ದಳು. ಬೆನ್ನು ತಿರುಗಿಸಿ ಎಡಗೈಯಲ್ಲಿ ಬರೆಯುತ್ತ ಕೂತಿದ್ದಳು. ಹೆತ್ತವಳಿಗೆ ಬೆನ್ನು ಸಾಲದೇ? ನೇರವಾಗಿ ಕರೆಯಲು ನನಗೆ ಮುಖವಿರಲಿಲ್ಲ. ನಿಮ್ಮ ಹೆಸರಿನಲ್ಲಾದರೂ ಇಷ್ಟು ದಿನ ನನ್ನೊಡನೆ ಮಾತಾಡಿದಳು. ಕೊನೆಗೆ ಅವಳನ್ನೇ ಒಂದು ಮಾತು ಕೇಳಿಬಿಡುತ್ತೇನೆ.

ಕೈಗವಸು ಸರಿಹೋಯ್ತೇನೇ, ಡೋರೀನ್?"