ಮೊದಲನೇ ಪಾಠದ ಕೊನೆಯ ಸಾಲು

ಪೆಟ್ಟಿಗೆಯೊಳಗೆ ಮಲಗಿದ್ದ ಎಸಿತಾ ಅಜ್ಜಿ ಇದ್ದಕ್ಕಿದ್ದಂತೆ ಅಂಗಳದಲ್ಲಿ ಸೊಂಟ ಕುಣಿಸುತ್ತ ಬಂದಳು. ಅದೇ ನೀಲಿ ಹೂವಿನ ಗೌನು, ಅದೇ ತಲೆವಸ್ತ್ರ, ಕಡ್ಡಿ ಮುರಿದು ದಾರ ಕಟ್ಟಿದ್ದ ಅದೇ ಕನ್ನಡಕ. ಅಳುತ್ತ ಕೂತಿದ್ದ ಹೆಂಗಸರು ಕಣ್ಣೊರೆಸಿಕೊಂಡು ಗೊಳ್ಳೆಂದು ನಕ್ಕರು. ಗೌನಿನೊಳಗಿದ್ದದ್ದು ಮುಚಾನೆತಾ ಮುದುಕಿ, ಆ ಮನೆಯ ಸಾಹ್ವಿರ. ತಲೆಮಾರುಗಳ ಗೆಳೆತನದಿಂದ ಬಂದ ಪಟ್ಟ ಅದು. ಸಾವಿನ ಮನೆಯಲ್ಲಿ ಸತ್ತವರ ಬಟ್ಟೆ ತೊಟ್ಟು, ಅವರಂತೆ ನಡೆದು, ಅವರು ಬದುಕಿದ್ದಾಗ ನುಂಗಿಕೊಂಡ ಮಾತನ್ನೆಲ್ಲ ಎಲ್ಲರೆದುರು ಆಡಿಬಿಡುವ ಹಕ್ಕು ಸಾಹ್ವಿರಳಿಗೆ ಇದೆ. ಕೇಳಿಸಿಕೊಂಡವರು ಸಿಟ್ಟಾಗುವ ಹಾಗಿಲ್ಲ. ನಮ್ಮ ಗುಟು ಸೀಮೆಯಲ್ಲಿ ಸಾಹ್ವಿರಳ ಮೇಲೆ ಸಿಟ್ಟಾದವನನ್ನು ಆಮೇಲೆ ಯಾರೂ ಲೆಕ್ಕಕ್ಕಿಡುವುದಿಲ್ಲ.

ಇದು ಚೆನ್ನಾಗಿ ಗೊತ್ತಿದ್ದುದರಿಂದಲೇ ಅಜ್ಜಿಯ ಒಬ್ಬನೇ ಮಗ ಡಾಕ್ಟರ್ ಕತ್ಬರ್ಟ್ ಬೆಳಗಿನಿಂದ ಕೋಟಿನೊಳಗೇ ಬೆವರುತ್ತಿದ್ದ. ನಾಡಿ ಹಿಡಿಯುವ ಡಾಕ್ಟರಲ್ಲ, ಭಾಷೆಯ ಡಾಕ್ಟರು. ಹರಾರೆಗೆ ಬಂದಿಳಿಯುವ ರಾಯಭಾರಿಗಳು, ಅವರ ಹೆಂಡಿರು, ನಮ್ಮನ್ನು ಉದ್ಧಾರ ಮಾಡಲು ಬರುವ ಸಂಸ್ಥೆಗಳವರು, ಎಲ್ಲರೂ ನಮ್ಮ ಶೋನಾ ಮಾತು ಕಲಿಯುವುದು ಇವನ ಪುಸ್ತಕದಿಂದಲೇ. ಆದರೆ ದೀಪದ ಬುಡದಲ್ಲಿ ಕತ್ತಲೆ. ಮನೆಯಲ್ಲಿ ಶೋನಾ ಆಡಿದರೆ ಮಗಳ ಇಂಗ್ಲಿಷು ಕೆಡುತ್ತದೆಂದು ಅವನು ಹೆಂಡತಿಯ ಬಾಯನ್ನೂ ಹೊಲಿದಿದ್ದ. ಹನ್ನೆರಡರ ರುಕುದ್ಜೊ ಮೂಗಿನಿಂದ ಇಂಗ್ಲಿಷ್ ಆಡುತ್ತ ಬೆಳೆದಳು. ಇಂಥ ಮಕ್ಕಳನ್ನು ನಮ್ಮವರು 'ಸಲಾಡ್' ಎನ್ನುತ್ತಾರೆ, ಸಾದ್ಜಾ ಮುದ್ದೆ ಬಿಟ್ಟು ಸೊಪ್ಪು ತಿನ್ನುವವರು ಎಂದು. ಈಗ ಆ ಸಲಾಡು, ಒಬ್ಬಳೇ ಮೊಮ್ಮಗಳು, ಗುಂಡಿಯ ಬಳಿ ಎರಡು ಮಾತು ಹೇಳಿ ಅಜ್ಜಿಯನ್ನು ಕಳಿಸಿಕೊಡಬೇಕಿತ್ತು. ಊರಿಗೆ ಊರೇ ಅದನ್ನು ಕೇಳಲು ಕಾದಿತ್ತು.

ಮುಚಾನೆತಾ ಚಪ್ಪಲಿ ಕಳಚಿ ಕಿವಿಗಿಟ್ಟುಕೊಂಡಳು. "ಹಲೋ! ಹರಾರೇನಾ? ನಾನು ಕಣವ್ವಾ, ನಿಮ್ಮಜ್ಜಿ! ಕಡ್ಲೆಕಾಯಿ ಕಿತ್ತಿದೀನಿ, ಕಳಿಸ್ಲಾ?" ಚಪ್ಪಲಿ ಈಗ ಇನ್ನೊಂದು ಕಿವಿಗೆ ಬಂತು, ದನಿ ಮೂಗಿಗೆ ಹೋಯಿತು. "ವ್ಹಾ ವ್ಹಾ ವ್ಹಾ ಗ್ರ್ಯಾನಿ, ಬೈ ಬೈ!"

"ಏನಂದ್ಳೇ ಮೊಮ್ಮಗ್ಳು?" ಎಂದು ಹೆಂಗಸರು ಕೂಗಿದರು.

"ಯಾರಿಗ್ಗೊತ್ತು ತಾಯಿ! ಆದ್ರೆ ಎಷ್ಟ್ ಚೆನ್ನಾಗಂದ್ಳು ಅಂತೀರಾ!"

ನಗು ಇನ್ನೂ ನಿಂತಿರಲಿಲ್ಲ, ಮುದುಕಿ ಕತ್ಬರ್ಟ್‌ನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತಳು. "ಮಗಾ, ಬಂದೋರಿಗೆಲ್ಲ ನಮ್ ಮಾತು ಕಲಿಸ್ತೀಯಂತೆ. ನಿನ್ ಮಗಳ ಹತ್ರ ನಾನೊಂದ್ ಮಾತಾಡ್ಬೇಕು ಅಂದ್ರೆ ಯಾವ ದೇಶದಲ್ಲಿ ಹುಟ್ಬೇಕಿತ್ತೋ? ಹೇಳ್ಬಿಡು, ಹೇಗೂ ಹೊರಟಿದೀನಿ."

ಕತ್ಬರ್ಟ್ ನಕ್ಕ. ನಗಲೇಬೇಕಿತ್ತು. ಆದರೆ ಆ ದನಿ ಥೇಟ್ ಅಮ್ಮನದೇ.

ರುಕುದ್ಜೊ ಅವನ ಕೋಟು ಜಗ್ಗಿ ಇಂಗ್ಲಿಷಿನಲ್ಲಿ ಕೇಳಿದಳು. "ಡ್ಯಾಡಿ, ಅವರು ಏನು ಹೇಳಿದ್ರು?"

"ಅಜ್ಜಿಗೆ ನಿನ್ನ ಕಂಡ್ರೆ ತುಂಬಾ ಪ್ರೀತಿ ಇತ್ತು ಅಂದ್ರು."

"ಅದಕ್ಕೆ ಎಲ್ರೂ ನಗ್ತಿದಾರಾ?"

ಅನುವಾದದಲ್ಲಿ ಡಾಕ್ಟರು ತಪ್ಪೇನೂ ಮಾಡಿರಲಿಲ್ಲ. ಆದರೂ ಮಗಳ ಮುಖ ನೋಡಲಾಗದೆ ಅವಳನ್ನು ಕಣಜದ ಮರೆಗೆ ಕರೆದುಕೊಂಡು ಹೋದ. "ಬಾ ಪುಟ್ಟಾ, ಗುಂಡಿ ಹತ್ರ ಹೇಳೋಕೆ ಒಂದು ಸಾಲು ಕಲಿಸ್ತೀನಿ."

"ಬೇಡ ಡ್ಯಾಡಿ. ನಾನೇ ಕಲ್ತಿದೀನಿ. ಕಾರಲ್ಲಿ ಬರ್ತಾ ನಿಮ್ಮ ಪುಸ್ತಕದ ಮೊದಲನೇ ಪಾಠ ಪೂರ್ತಿ ಬಾಯಿಪಾಠ ಮಾಡಿದೆ."

ಕತ್ಬರ್ಟ್‌ಗೆ ಹೋದ ಜೀವ ಬಂದಂತಾಯಿತು. ಮಗಳನ್ನು ತಬ್ಬಿಕೊಂಡ. ಯಾವ ಸಾಲು ಎಂದು ಕೇಳುವಷ್ಟರಲ್ಲಿ ಪೆಟ್ಟಿಗೆ ಎತ್ತಿದರು, ಹೆಂಗಸರು ಹಾಡು ತೆಗೆದರು, ಎಲ್ಲರೂ ಬಂಡೆಗುಡ್ಡದ ಬುಡದತ್ತ ನಡೆದರು.

ಪೆಟ್ಟಿಗೆ ಇಳಿಸಿದ ಮೇಲೆ ಹಿರಿಯರೊಬ್ಬರು ಮೊಮ್ಮಗಳನ್ನು ಕೈಮಾಡಿ ಕರೆದರು. ರುಕುದ್ಜೊ ಹೊಸ ಬೂಟಿನ ಪರಿವೆಯಿಲ್ಲದೆ ಕೆಂಪು ಮಣ್ಣಲ್ಲಿ ಮಂಡಿಯೂರಿದಳು. ಪುಸ್ತಕದ ಚಿತ್ರದಲ್ಲಿದ್ದಂತೆ ಎರಡೂ ಕೈ ಬೊಗಸೆ ಮಾಡಿ ಮೆಲ್ಲಗೆ ತಟ್ಟಿದಳು. ಜನರಲ್ಲಿ ಗುಜುಗುಜು ಎದ್ದಿತು. ಪರವಾಗಿಲ್ಲವೇ, ಸಲಾಡಿಗೂ ಮರ್ಯಾದೆ ಗೊತ್ತಿದೆ! ಕತ್ಬರ್ಟ್ ತಲೆಯೆತ್ತಿ, ಇನ್ನೂ ಅಜ್ಜಿಯ ವೇಷದಲ್ಲೇ ಇದ್ದ ಮುಚಾನೆತಾಳ ಕಡೆ ಈಗೇನಂತೀಯ ಎಂಬಂತೆ ನೋಡಿದ.

ಹುಡುಗಿ ಅಚ್ಚ ಶೋನಾದಲ್ಲಿ, ಗುಂಡಿಯೊಳಗೆ ಬಗ್ಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ನಮಸ್ಕಾರ ಅಜ್ಜಿ. ನನ್ನ ಹೆಸರು ರುಕುದ್ಜೊ. ನಾನು ಹರಾರೆಯಲ್ಲಿ ವಾಸವಾಗಿದ್ದೇನೆ. ನಿಮ್ಮ ಪರಿಚಯವಾದದ್ದು ನನಗೆ ಬಹಳ ಸಂತೋಷ."

ಅವಳ ಹಿಡಿಮಣ್ಣು ಪೆಟ್ಟಿಗೆಯ ಮೇಲೆ ಬಿದ್ದದ್ದು ಎಲ್ಲರಿಗೂ ಕೇಳಿಸಿತು. ಯಾರೂ ನಗಲಿಲ್ಲ. ನಗಿಸುವ ಹಕ್ಕಿದ್ದವಳ ಕಡೆ ಎಲ್ಲರೂ ತಿರುಗಿದರು. ಮುಚಾನೆತಾ ಗೆಳತಿಯ ಕನ್ನಡಕ ತೆಗೆದು, ಗೆಳತಿಯ ಗೌನಿನಿಂದಲೇ ಕಣ್ಣೊರೆಸಿಕೊಂಡಳು. ಇಡೀ ದಿನದಲ್ಲಿ ಮೊದಲ ಸಲ ತನ್ನದೇ ದನಿಯಲ್ಲಿ ಮಾತಾಡಿದಳು.

"ಒಂದಕ್ಷರನೂ ತಪ್ಪಲಿಲ್ಲ ಕತ್ಬರ್ಟ್. ನಿನ್ ಪುಸ್ತಕ ಬಲು ಚೆನ್ನಾಗಿದೆ ಬಿಡಪ್ಪ."