ತೊಳೆದಿಟ್ಟ ಫ್ರೆಂಚ್

ಫ್ರೆಂಚ್ ಮಾತಾಡುವ ಹೊರದೇಶದ ಒಂದು ಹಳ್ಳಿಯ ಆಸ್ಪತ್ರೆಯಲ್ಲಿ ಆರು ವರ್ಷ ದುಡಿದ ಕೊಪ್ಪಳದ ನರ್ಸ್ ಬಸಲಿಂಗಮ್ಮನ ತಲೆಯಿಂದ, ಬಂದಾಗ ಕುಡಿಸಿದ್ದ ಫ್ರೆಂಚನ್ನು ಸೀಸೆಗೆ ವಾಪಸು ಇಳಿಸಿಕೊಂಡು, ಅವಳನ್ನು ಊರಿಗೆ ಕಳಿಸಿದರು.

ಅದೇ ಕೆಲಸಕ್ಕೆ ಅದೇ ಊರಿಂದ ಬಂದ ಹುಲಿಗೆಮ್ಮನ ಮುಂದೆ ವಲಸೆ ಕಚೇರಿಯ ದುಭಾಷಿ ಶರಣಯ್ಯ ಸೀಸೆ ಇಟ್ಟ. "ಕುಡದುಬಿಡವ್ವ. ಕುಡದವರಿಗಷ್ಟ ಕಾಯಂ ವಾಸದ ಪತ್ರ."

ಅವಳು ಮೂಸಿ ನೋಡಿದಳು. "ಯಾರ ತಲೀದ್ರಿ ಇದು?"

"ಯಾರದಾದ್ರೇನು? ತೊಳದಿಟ್ಟಾರ. ಬೀಗತನ ಮಾಡಾಕ ಬಂದೀಯೇನು, ಮನಿತನ ಕೇಳಾಕ?"

"ಬಸಲಿಂಗಕ್ಕಗೂ ಕಾಯಂ ಅಂತ್ಹೇಳೇ ಕುಡಿಸಿದ್ರಲ್ಲ?"

"ಆಕೀಗೆ ನಲವತ್ತೈದು ತುಂಬಿತ್ತು, ಕಾನೂನು ಬದಲಾತು. ಲಗೂನ ಕುಡಿ, ಹೊರಗ ಇನ್ನೂ ಹನ್ನೆರಡು ಮಂದಿ ನಿಂತಾರ."

ಹುಲಿಗೆಮ್ಮ ಅವನ ನರೆತ ಕೂದಲನ್ನೇ ದಿಟ್ಟಿಸಿದಳು. "ನಿಮ್ಮ ತಲ್ಯಾಗಿಂದು ಯಾವಾಗ ತಗೀತಾರ, ಸ್ವಾಮ್ಯಾರ?"

ಶರಣಯ್ಯ ಸೀಸೆಯನ್ನು ಇನ್ನಷ್ಟು ಹತ್ತಿರ ತಳ್ಳಿದ.

"ಬಸಲಿಂಗಕ್ಕನ್ನ ವಾಪಸ್ ಕರಸ್ರಿ," ಎಂದಳು. "ಆಕೀದನ್ನ ನಾ ಕುಡಿಯೂದಿಲ್ಲ."